ಮೊದಲು ಬೆರಳು, ಆಮೇಲೆ ಸ್ಪ್ಯಾನರ್

ಮಕ್ಕಳೇ, ಕಳೆದ ಪುಷ್ಯ ಮಾಸದ ಒಂದು ಭಾನುವಾರ ನಾವು ಮನೆಮಂದಿಯೆಲ್ಲ ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯಕ್ಕೆ ಹೊರಟೆವು. ಅಲ್ಲಿ ದನಗಳ ಜಾತ್ರೆ ಸೇರಿತ್ತು. ಮೊಮ್ಮಗಳಿಗೆ ಹಳ್ಳಿಕಾರ್ ಎತ್ತುಗಳ ಕೊಂಬು ನೋಡುವ ಆಸೆ. ನನ್ನವಳಿಗೆ ದೇವರ ದರ್ಶನದ ಆಸೆ. ನನಗೆ, ನಿಜ ಹೇಳಿಬಿಡುತ್ತೇನೆ, ಎರಡು ವಾರದ ಹಿಂದಷ್ಟೇ ಸರ್ವಿಸ್ ಮಾಡಿಸಿದ್ದ ನನ್ನ ಹಳೆಯ ಮಾರುತಿ 800 ಎಷ್ಟು ಚೆನ್ನಾಗಿ ಓಡುತ್ತದೆಂದು ಎಲ್ಲರಿಗೂ ತೋರಿಸುವ ಆಸೆ.

ಮಾಕಳಿದುರ್ಗದ ಬೆಟ್ಟ ಕಾಣುವ ಏರಿನಲ್ಲಿ ‘ಢಬ್’ ಎಂದು ಪಟಾಕಿ ಸಿಡಿದಂಥ ಸದ್ದು. ಅದರ ಬೆನ್ನಿಗೇ ಬಾನೆಟ್ಟಿನೊಳಗಿಂದ ಹಿಟ್ಟಿನ ಗಿರಣಿಯಂತೆ ‘ಟಫ್ ಟಫ್ ಟಫ್’. ಕಾರು ಕುಂಟತೊಡಗಿತು. ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ತಕ್ಷಣ ಪಕ್ಕಕ್ಕೆ ನಿಲ್ಲಿಸಿ, ಕೀ ತಿರುಗಿಸಿ ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ ದೂರದ ಹೊಂಗೆ ಮರದ ಕೆಳಗೆ ಕಳಿಸಿದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಆವಿ ಬಿದ್ದರೆ ಬೆಂಕಿ ಹೊತ್ತಬಹುದು. ಆವತ್ತು ನಮ್ಮ ಪುಣ್ಯ, ಹೊತ್ತಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಬಾನೆಟ್ ಎತ್ತಿದೆ. ಎಂಜಿನ್ನಿನ ತಲೆಯಲ್ಲಿ ಭದ್ರವಾಗಿ ಕೂತಿರಬೇಕಾದ ಒಂದು ಸ್ಪಾರ್ಕ್ ಪ್ಲಗ್, ಕಿತ್ತುಬಂದ ಹಲ್ಲಿನಂತೆ ವೈರಿನ ತುದಿಯಲ್ಲಿ ನೇತಾಡುತ್ತಿತ್ತು. ಅದರ ಸುತ್ತ ಬೆಳ್ಳಿಯ ಎಳೆಯಂಥ ಲೋಹದ ಸುರುಳಿ ಸಿಕ್ಕಿಕೊಂಡಿತ್ತು.

“ತಾತಾ, ಮೊನ್ನೆ ತಾನೆ ಸರ್ವಿಸ್ ಮಾಡಿಸಿದ್ರಲ್ಲ?” ಎಂದಳು ಮೊಮ್ಮಗಳು. ನನ್ನಲ್ಲಿ ಉತ್ತರವಿರಲಿಲ್ಲ. ಮಗ್ಗಗಳಿಗೆ ನೂಲು ಹೊತ್ತು ಊರಿಗೆ ಹೋಗುತ್ತಿದ್ದ ಟೆಂಪೊದವರೊಬ್ಬರು ಹಗ್ಗ ಕಟ್ಟಿ ನಮ್ಮನ್ನು ಎಳೆದುಕೊಂಡು ಬಂದರು. ಎತ್ತುಗಳನ್ನು ನೋಡಲು ಹೋದವರು ಎತ್ತಿನ ಹಿಂದಿನ ಗಾಡಿಯಂತೆ ಮನೆ ಸೇರಿದೆವು.

ಈಗ ಆ ಪ್ಲಗ್ಗಿನ ಕೆಲಸವೇನು ನೋಡೋಣ. ಮಾರುತಿ 800ರ ಎಂಜಿನ್ನಿನಲ್ಲಿ ಮೂರು ಸಿಲಿಂಡರುಗಳು. ಒಂದೊಂದಕ್ಕೂ ಒಂದು ಪ್ಲಗ್. ಸಿಲಿಂಡರಿನೊಳಗೆ ಪಿಸ್ಟನ್ ನಾಲ್ಕು ಹೆಜ್ಜೆ ಹಾಕುತ್ತದೆ: ಗಾಳಿ ಪೆಟ್ರೋಲನ್ನು ಎಳೆದುಕೊಳ್ಳುವುದು, ಅದನ್ನು ಅದುಮುವುದು, ಕಿಡಿ ತಾಗಿ ಉರಿದಾಗ ಕೆಳಕ್ಕೆ ದೂಡಿಸಿಕೊಳ್ಳುವುದು, ಕೊನೆಗೆ ಹೊಗೆ ಹೊರಹಾಕುವುದು. ಕಿಡಿ ಕೊಡುವವನೇ ಪ್ಲಗ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಸಲ ಹೀಗೆ ಉರಿ ಏಳುತ್ತದೆ. ಪ್ರತಿ ಸಲವೂ ಆ ಒತ್ತಡ ಪ್ಲಗ್ಗನ್ನು ಹೊರಕ್ಕೆ ನೂಕುತ್ತದೆ. ಅದನ್ನು ಹಿಡಿದಿಟ್ಟಿರುವುದು ಬರೀ ಅದರ ಮೈಮೇಲಿನ ತಿರುಪಿನ ಗೆರೆ. ಗ್ಯಾರೇಜಿನವರು ‘ಥ್ರೆಡ್’ ಎನ್ನುತ್ತಾರೆ, ನಮ್ಮ ಕಡೆ ಹಳಬರು ‘ಮರೆ’ ಎನ್ನುತ್ತಾರೆ.

ಮರೆ ಎಂದರೇನು ಗೊತ್ತೇ? ನಂದಿಬೆಟ್ಟಕ್ಕೆ ನೇರ ಹತ್ತುವುದು ಕಷ್ಟ, ಅದಕ್ಕೇ ರಸ್ತೆ ಸುತ್ತಿ ಸುತ್ತಿ ಏರುತ್ತದೆ. ಒಂದು ಕಾಗದವನ್ನು ಮೂಲೆಯಿಂದ ಮೂಲೆಗೆ ತ್ರಿಕೋನವಾಗಿ ಕತ್ತರಿಸಿ ಪೆನ್ಸಿಲ್ಲಿಗೆ ಸುತ್ತಿ ನೋಡಿ. ಓರೆಯಾದ ಅಂಚು ಪೆನ್ಸಿಲ್ಲನ್ನು ಸುತ್ತಿಕೊಂಡು ಏರುತ್ತದೆ. ಅದೇ ಮರೆ. ಸಣ್ಣ ಕೈಬಲವನ್ನು ದೊಡ್ಡ ಬಿಗಿಯಾಗಿ ಮಾಡುವ ಘಾಟಿ ರಸ್ತೆ. ನನ್ನ ಪ್ಲಗ್ಗಿನದು 14 ಮಿಲಿಮೀಟರ್ ಅಗಲ. ಒಂದು ಸುತ್ತಿಗೆ ಅದು ಒಳಗೆ ಹೋಗುವುದು ಒಂದೂಕಾಲು ಮಿಲಿಮೀಟರ್ ಮಾತ್ರ.

ಮರುದಿನ ಲೇತ್ ಮೇಷ್ಟ್ರನ್ನು ಕರೆತಂದೆ. ಅವರು ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಮ್ಮೂರಿನಲ್ಲಿ ಒಂದು ಲೇತ್ ಇಟ್ಟುಕೊಂಡು ಮಗ್ಗದ ಬಿಡಿಭಾಗ ಮಾಡಿಕೊಡುತ್ತಾರೆ. ಅವರು ಪ್ಲಗ್ಗನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಮೂಸಿ ನೋಡಿದರು.

“ಸ್ವಾಮಿ, ಇದನ್ನ ಓರೆಯಾಗಿ ಹಾಕಿದ್ದಾರೆ. ಬೆರಳಲ್ಲಿ ಹಿಡಿಸದೆ ಮೊದಲಿಗೇ ಸ್ಪ್ಯಾನರ್ ಕೊಟ್ಟಿದ್ದಾರೆ. ಪ್ಲಗ್ಗಿನ ಮೈ ಉಕ್ಕು, ಎಂಜಿನ್ ಹೆಡ್ಡು ಅಲ್ಯುಮಿನಿಯಮ್ಮು. ಉಕ್ಕಿನ ಮುಂದೆ ಅದು ಬೆಣ್ಣೆ. ಹಳೇ ದಾರಿ ಬಿಟ್ಟು ಹೊಸ ದಾರಿ ಕೊರ್ಕೊಂಡು ಹೋಗಿದೆ.” ಆಮೇಲೆ ದನಿ ತಗ್ಗಿಸಿದರು: “ಅದೂ ಹೋಗಲಿ. ಇಲ್ಲಿ ನೋಡಿ, ಬೂದು ಬಣ್ಣದ ಅಂಟು. ಕೆಟ್ಟಿದ್ದು ಅವರಿಗೆ ಗೊತ್ತಾಗಿದೆ. ಗೊತ್ತಾಗಿ ಅಂಟು ಬಳಿದು ಕೂರಿಸಿದ್ದಾರೆ.”

ಮರೆ ಕೆಟ್ಟಿದ್ದಕ್ಕಿಂತ ಅದನ್ನು ಮರೆಮಾಚಿದ್ದಕ್ಕೆ ನನಗೆ ಸಿಟ್ಟು ಬಂತು. ಆ ಕಾರಿನಲ್ಲಿ ಮೊಮ್ಮಗಳು ಕೂತಿದ್ದಳು. ಹೊಂಗೆ ಮರದ ಕೆಳಗೆ ನಿಂತಾಗ ದೇವನಹಳ್ಳಿಯ ಕಡೆ ಇಳಿಯುತ್ತಿದ್ದ ವಿಮಾನಗಳನ್ನು ಅವಳು ಎಣಿಸುತ್ತಿದ್ದುದು ನೆನಪಾಯಿತು. ಅದರ ಹಿಂದೆಯೇ ಒಂದು ಹಳೆಯ ಸುದ್ದಿಯೂ ನೆನಪಾಯಿತು.

1990ರ ಜೂನ್ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಸುಮಾರು 17,000 ಅಡಿ ಎತ್ತರದಲ್ಲಿದ್ದಾಗ ಪೈಲಟ್ಟಿನ ಮುಂದಿನ ಗಾಜು ಹಾರಿಹೋಯಿತು. ಕ್ಯಾಪ್ಟನ್ ಟಿಮ್ ಲ್ಯಾಂಕ್ಯಾಸ್ಟರ್ ಅರ್ಧ ಮೈ ಹೊರಗೆ ಎಳೆಯಲ್ಪಟ್ಟರು. ಸಿಬ್ಬಂದಿ ಅವರನ್ನು ಬಿಡದೆ ಹಿಡಿದುಕೊಂಡರು, ಸಹ ಪೈಲಟ್ ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದರು. ಕ್ಯಾಪ್ಟನ್ ಸೇರಿ ಎಲ್ಲರೂ ಬದುಕಿದರು. ಕಾರಣ? ಗಾಜನ್ನು ಹೊಸದಾಗಿ ಕೂರಿಸಿದಾಗ ಹಾಕಿದ 90 ಬೋಲ್ಟುಗಳಲ್ಲಿ 84 ಬೋಲ್ಟುಗಳು ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಸಣ್ಣ. ಅಳತೆ ಪುಸ್ತಕ ನೋಡದೆ, ಹಳೆಯ ಬೋಲ್ಟಿನ ಜೊತೆ ಕಣ್ಣಳತೆಯಲ್ಲಿ ಹೋಲಿಸಿ ಆರಿಸಿದ್ದರು. ತಿರುಪು ಎಷ್ಟು ಚಿಕ್ಕದೋ ಅದರ ಹೊಣೆ ಅಷ್ಟು ದೊಡ್ಡದು.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಗ್ಯಾರೇಜಿಗೆ ಹೋದೆ. ಮಾಲೀಕರು, “ಹಳೇ ಗಾಡಿ ಸಾರ್, ಹಾಗೇ ಆಗುತ್ತೆ” ಎಂದು ಕೈ ಒರೆಸಿಕೊಂಡರು. ನಾಲ್ಕು ಮಾತು ನಾನಂದೆ, ಆರು ಮಾತು ಅವರಂದರು. ತಿರುಗಿ ಬರುವಾಗ ಗೇಟಿನ ಬಳಿ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಓಡಿಬಂದ.

“ಸಾರ್, ಹಾಕಿದ್ದು ನಾನೇ. ಬಿಗಿ ಅನ್ನಿಸಿತ್ತು. ಗಡಿಬಿಡೀಲಿ ತಿರುಗಿಸಿಬಿಟ್ಟೆ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಭಯ ಆಯ್ತು.”

ಬೈಯಬೇಕೆಂದು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಯಾಕೆಂದರೆ ಆ ಹುಡುಗನ ಜಾಗದಲ್ಲಿ ನಾನೂ ಒಮ್ಮೆ ನಿಂತಿದ್ದೆ.

ಆಗ ನಾನು ಬ್ಯಾಂಕಿಗೆ ಹೊಸಬ, ಇನ್ನೂ ಕಾಯಂ ಆಗಿರಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲ. ದಿನದ ಕೊನೆಗೆ ಎಲ್ಲ ಲೆಡ್ಜರುಗಳ ಮೊತ್ತ ಒಂದಕ್ಕೊಂದು ತಾಳೆಯಾಗಲೇಬೇಕು, ಆಗುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ಆವತ್ತು 450 ರೂಪಾಯಿ ವ್ಯತ್ಯಾಸ ಬಂತು. ಹೆಡ್ ಕ್ಲರ್ಕ್ ತಕ್ಷಣ, “ಒಂಬತ್ತರಿಂದ ಭಾಗವಾಗುತ್ತೆ. ಯಾರೋ ಅಂಕಿ ಅದಲುಬದಲು ಬರೆದಿದ್ದೀರಿ” ಎಂದರು. ಮಕ್ಕಳೇ, ಇದನ್ನು ನೀವೂ ಪರೀಕ್ಷಿಸಿ. ಯಾವ ಸಂಖ್ಯೆಯಲ್ಲೇ ಆಗಲಿ, ಎರಡು ಅಂಕಿಗಳ ಸ್ಥಾನ ಬದಲಿಸಿ ಕಳೆದರೆ ಉತ್ತರ ಒಂಬತ್ತರಿಂದ ಸರಿಯಾಗಿ ಭಾಗವಾಗುತ್ತದೆ.

ಎಲ್ಲರೂ ಹುಡುಕತೊಡಗಿದರು. ನನ್ನ ಲೆಡ್ಜರಿನಲ್ಲಿ ನನಗೇ ಸಿಕ್ಕಿತು: 5,270 ಬರೆಯಬೇಕಾದಲ್ಲಿ 5,720. ಎದ್ದು ಹೇಳಲು ಧೈರ್ಯ ಸಾಲಲಿಲ್ಲ. ಯಾರೂ ನೋಡದಾಗ ಬ್ಲೇಡಿನಿಂದ ಅಂಕಿ ಕೆರೆದು ಸರಿ ಅಂಕಿ ಬರೆದೆ. ಕೂಡಿದ ಮೊತ್ತ ಮಾತ್ರ ಹಳೆಯದೇ ಉಳಿದಿದ್ದರಿಂದ ಗೋಜಲು ಇನ್ನೂ ಹೆಚ್ಚಿತು. ರಾತ್ರಿ ಹತ್ತು ಗಂಟೆಗೆ ಹೆಡ್ ಕ್ಲರ್ಕ್ ಆ ಪುಟವನ್ನು ದೀಪಕ್ಕೆ ಹಿಡಿದರು. ಕೆರೆದ ಜಾಗದಲ್ಲಿ ಕಾಗದ ತೆಳುವಾಗಿ ಬೆಳಕು ಇಣುಕುತ್ತಿತ್ತು. ಶಾಯಿ ಹಬ್ಬಿ ಕಪ್ಪಾಗಿತ್ತು. ಅಷ್ಟರಲ್ಲಿ ಇಬ್ಬರು ಸಹೋದ್ಯೋಗಿಗಳ ಕೊನೆಯ ಬಸ್ಸು ಹೋಗಿತ್ತು.

ಅವರು ಕೂಗಾಡಲಿಲ್ಲ. ಪೆನ್ನು ಕೊಟ್ಟು, “ತಪ್ಪು ಅಂಕಿಯ ಮೇಲೆ ಒಂದೇ ಗೆರೆ ಎಳಿ. ಅದು ಓದೋಕೆ ಸಿಗಬೇಕು. ಮೇಲೆ ಸರಿ ಅಂಕಿ ಬರಿ. ಪಕ್ಕದಲ್ಲಿ ಸಹಿ ಹಾಕು. ಕೆರೆದ ಕಾಗದ ಶಾಯಿ ಹಿಡಿಯೋಲ್ಲಪ್ಪ” ಎಂದರು. ಆಮೇಲಿನ ಮೂವತ್ತು ಚಿಲ್ಲರೆ ವರ್ಷ ನಾನು ಬ್ಲೇಡ್ ಮುಟ್ಟಲಿಲ್ಲ.

ಗೇಟಿನ ಬಳಿ ನಿಂತಿದ್ದ ಹುಡುಗನಿಗೆ ಈ ಕಥೆ ಹೇಳಲಿಲ್ಲ. “ಬರೋ ಭಾನುವಾರ ಲೇತ್ ಮೇಷ್ಟ್ರ ಶೆಡ್ಡಿಗೆ ಬಾ” ಎಂದಷ್ಟೇ ಹೇಳಿದೆ. ಬರುತ್ತಾನೆಂಬ ನಂಬಿಕೆ ಇರಲಿಲ್ಲ. ಬಂದ.

ಮೇಷ್ಟ್ರ ಮಗ ಅಷ್ಟರಲ್ಲಿ ಎಂಜಿನ್ನಿನ ಹೆಡ್ ಬಿಚ್ಚಿದ್ದ. ಹೆಡ್ ಬಿಚ್ಚದೆಯೂ ರಿಪೇರಿ ಮಾಡುವವರಿದ್ದಾರೆ. ಆದರೆ ಲೋಹದ ಪುಡಿ ಸಿಲಿಂಡರಿಗೆ ಬಿದ್ದಿದ್ದರೆ ಅದು ಒಳಗೋಡೆಯನ್ನು ಗೀರಿಹಾಕುತ್ತದೆ ಎಂದು ಮೇಷ್ಟ್ರು ಒಪ್ಪಲಿಲ್ಲ. ಅವರ ಮಾತು ನಿಜವಾಗಿತ್ತು, ಪಿಸ್ಟನ್ನಿನ ನೆತ್ತಿಯ ಮೇಲೆ ಮೂರ್ನಾಲ್ಕು ಚೂರು ಹೊಳೆಯುತ್ತಿದ್ದವು. ಗೋಡೆಗೆ ಗೀರು ಬಿದ್ದಿರಲಿಲ್ಲ.

ಕೆಟ್ಟ ರಂಧ್ರವನ್ನು ನೇರವಾಗಿ ಸ್ವಲ್ಪ ಹಿಗ್ಗಿಸಿದರು. ‘ಟ್ಯಾಪ್’ ಎಂಬ ಉಪಕರಣಕ್ಕೆ ಗ್ರೀಸ್ ಬಳಿದು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಮಾಡುತ್ತ ಹೊಸ ಮರೆ ಕೊರೆದರು. ಹಿಂದೆ ತಿರುಗಿಸಿದರೆ ಚೂರು ಮುರಿಯುತ್ತದೆ, ಗ್ರೀಸು ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ‘ಹೆಲಿಕಾಯಿಲ್’ ಎಂಬ ಸ್ಪ್ರಿಂಗಿನಂಥ ಉಕ್ಕಿನ ಸುರುಳಿಯನ್ನು ಒಳಗೆ ತಿರುಗಿಸಿ ಕೂರಿಸಿದರು. ಅದರ ಹೊರಮೈ ಹೆಡ್ಡಿನ ಹೊಸ ಮರೆಯನ್ನು ಕಚ್ಚುತ್ತದೆ, ಒಳಮೈ ಪ್ಲಗ್ಗಿಗೆ ಮತ್ತೆ ಅದೇ 14 ಮಿಲಿಮೀಟರ್ ದಾರಿ ಕೊಡುತ್ತದೆ. ಬೆಣ್ಣೆಯಲ್ಲಿದ್ದ ರಸ್ತೆಗೆ ಈಗ ಉಕ್ಕಿನ ಕಟ್ಟೆ.

ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಊದಿ, ಹೊಸ ಗ್ಯಾಸ್ಕೆಟ್ ಇಟ್ಟು ಹೆಡ್ ಮುಚ್ಚಿದರು. ಅದರ ಬೋಲ್ಟುಗಳನ್ನು ಕೂಡ ಒಂದೇ ಸಲ ಬಿಗಿಯಲಿಲ್ಲ. ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ, ಕಂತು ಕಂತಾಗಿ, ಬಿಗಿ ಅಳೆಯುವ ಟಾರ್ಕ್ ಸ್ಪ್ಯಾನರಿನಿಂದ. ಇಲ್ಲದಿದ್ದರೆ ಹೆಡ್ ಸೊಟ್ಟಗಾಗುತ್ತದಂತೆ.

ಕೊನೆಗೆ ಪ್ಲಗ್ ಹಾಕುವ ಹೊತ್ತು. ಮೇಷ್ಟ್ರು ಅದನ್ನು ಹುಡುಗನ ಕೈಗಿಟ್ಟರು. ಅವನ ಕೈ ಸ್ಪ್ಯಾನರಿನ ಕಡೆ ಹೋಯಿತು. ಮೇಷ್ಟ್ರು ಸ್ಪ್ಯಾನರನ್ನು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

“ಮೊದಲು ಹಿಂದಕ್ಕೆ ತಿರುಗಿಸು. ‘ಟಕ್’ ಅನ್ನುತ್ತೆ. ಅದು ಮರೆಯ ಬಾಗಿಲು. ಅಲ್ಲಿಂದ ಮುಂದಕ್ಕೆ ತಿರುಗಿಸು. ಬೆರಳಲ್ಲೇ ಕೊನೇ ತನಕ ಹೋದರೆ ಸರಿ ದಾರಿ. ನಡುವೆ ಬಿಗಿಯಾದರೆ ಬಿಚ್ಚು. ಬೆರಳು ಸುಳ್ಳು ಹೇಳಲ್ಲ, ಸ್ಪ್ಯಾನರ್ ಹೇಳುತ್ತೆ.”

ಹುಡುಗ ಒಮ್ಮೆ ಹಾಕಿದ, ಅನುಮಾನ ಬಂದು ಬಿಚ್ಚಿದ. ಮತ್ತೆ ಹಾಕಿದ. ಈ ಸಲ ಪ್ಲಗ್ ಬೆರಳ ತುದಿಯಲ್ಲೇ ಸರಸರ ಇಳಿಯಿತು. ಆಗ ಮಾತ್ರ ಜೇಬಿನಿಂದ ಸ್ಪ್ಯಾನರ್ ಹೊರಬಂತು. ಕೀ ತಿರುಗಿಸಿದೆ, ಮೂರೂ ಸಿಲಿಂಡರ್ ಒಂದೇ ದನಿಯಲ್ಲಿ ಹಾಡಿದವು.

ಖರ್ಚೆಲ್ಲ ನನ್ನದೇ. ಗ್ಯಾರೇಜಿನಿಂದ ಒಂದು ಪೈಸೆ ಬರಲಿಲ್ಲ, ನಾನೂ ಮತ್ತೆ ಅಲ್ಲಿಗೆ ಹೋಗಲಿಲ್ಲ. ಆ ಹುಡುಗ ಮಾತ್ರ ಈಗಲೂ ಒಂದೊಂದು ಭಾನುವಾರ ಮೇಷ್ಟ್ರ ಶೆಡ್ಡಿನಲ್ಲಿ ಕಾಣಿಸುತ್ತಾನೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು: ಪ್ಲಗ್ ಬದಲಿಸುವಾಗ ಎಂಜಿನ್ ತಣ್ಣಗಿರಲಿ, ನೀವು ಪಕ್ಕದಲ್ಲೇ ನಿಂತಿರಿ. ತಪ್ಪಾಯಿತೆಂದು ಮೆಕ್ಯಾನಿಕ್ ಬಾಯಿಬಿಟ್ಟು ಹೇಳಿದರೆ ಆ ಕ್ಷಣ ಕೂಗಾಡಬೇಡಿ. ಕೂಗಾಡಿದರೆ ಮುಂದಿನ ಸಲ ಅಂಟೇ ಗತಿ. ಮಕ್ಕಳಿಗೆ ಒಂದು ಆಟ: ನೀರಿನ ಬಾಟಲಿಯ ಮುಚ್ಚಳವನ್ನು ಕಣ್ಣು ಮುಚ್ಚಿ ಮೊದಲು ಹಿಂದಕ್ಕೆ ತಿರುಗಿಸಿ, ಆ ‘ಟಕ್’ ಹುಡುಕಿ, ಆಮೇಲೆ ಮುಚ್ಚಿ. ಒಂದು ಹನಿಯೂ ಸೋರುವುದಿಲ್ಲ.

ಮೊಮ್ಮಗಳು ಈ ಆಟವನ್ನು ಮನೆಯ ಎಲ್ಲ ಮುಚ್ಚಳಗಳ ಮೇಲೂ ಪ್ರಯೋಗಿಸಿದಳು. ಮೊನ್ನೆ ಅಡುಗೆಮನೆಯಿಂದ ಅವಳ ದನಿ ಕೇಳಿಸಿತು: “ಅಜ್ಜೀ, ಉಪ್ಪಿನಕಾಯಿ ಬಾಟಲಿ ಮುಚ್ಚಳ ಓರೆಯಾಗಿ ಕೂತಿದೆ, ಎಣ್ಣೆ ಎಲ್ಲ ಸೋರಿದೆ! ಯಾರು ಹಾಕಿದ್ದು?”

ಪತ್ರಿಕೆಯ ಹಿಂದೆ ಮುಖ ಅಡಗಿಸಿಕೊಂಡು ಎರಡು ನಿಮಿಷ ಕೂತೆ. ಆಮೇಲೆ ಎದ್ದು ಹೋಗಿ, “ನಾನೇ” ಎಂದೆ.