ಹೊಗೆಗೆ ಚಳಿಯ ಮುಚ್ಚಳ

ಚಳಿಗಾಲದ ಮುಂಜಾನೆ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಮೊದಲ ಬಸ್ಸಿಗೆ ಕಾಯುವವರು ಮೂಗಿಗೆ ಟವೆಲ್ ಹಿಡಿದು ನಿಲ್ಲುತ್ತಾರೆ. ಕೇಳಿದರೆ, ‘ಮಂಜು ಬಿದ್ದದರೀ’ ಎನ್ನುತ್ತಾರೆ. ಬರೀ ಮಂಜಿಗೆ ಕಣ್ಣು ಉರಿಯುವುದುಂಟೆ? ಗಂಟಲು ಕೆರೆಯುವುದುಂಟೆ? ಮಂಜಿನ ಜೊತೆ ಹೊಗೆಯೂ ಧೂಳೂ ಕೂಡಿವೆ ಎಂಬುದೇ ನಿಜ.

ಬೇಸಿಗೆಯಲ್ಲೂ ಇವೇ ರಸ್ತೆ, ಇವೇ ಲಾರಿ. ಆದರೆ ಆಗ ನೆಲ ಕಾದು ಗಾಳಿ ಮೇಲೇಳುತ್ತದೆ, ಹೊಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ಚಳಿಗಾಲದ ಮೋಡವಿಲ್ಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಮೇಲಿನ ಗಾಳಿ ತಂಪು, ಅದರ ಮೇಲಿನದು ಬಿಸಿ. ತಂಪು ಗಾಳಿ ಭಾರ, ಅದು ಮೇಲೇಳದು. ಗಡಿಗೆಗೆ ಮುಚ್ಚಳ ಹಾಕಿದಂತೆಯೇ ಸರಿ. ಹೊತ್ತೇರಿ ನೆಲ ಕಾಯುವ ತನಕ ರಾತ್ರಿಯ ಹೊಗೆ ಊರೊಳಗೇ ಸುತ್ತುತ್ತಿರುತ್ತದೆ.

ಮಂಗಳೂರು, ಮುಂಬೈಯಂಥ ಕಡಲ ದಂಡೆಯ ಊರುಗಳಿಗೆ ಒಂದು ಪುಣ್ಯವಿದೆ. ಹಗಲು ಸಮುದ್ರದ ಗಾಳಿ ಬೀಸಿ ಊರು ಗುಡಿಸುತ್ತದೆ. ಆ ಗಾಳಿ ಕುಂದಿದರೆ ಅವರ ಪಾಡೂ ಅಷ್ಟೇ. 2022-23ರ ಚಳಿಗಾಲದಲ್ಲಿ ಮುಂಬೈ ಕೆಟ್ಟ ಗಾಳಿಯಲ್ಲಿ ಕಣ್ಣುಜ್ಜಿಕೊಂಡಿತು. ಈ ಮೂರು ತಾಲೂಕುಗಳಿಗಾದರೋ ಅರಬ್ಬಿ ಸಮುದ್ರ 300 ಕಿ.ಮೀ.ಗೂ ಆಚೆ. ಅಲ್ಲಿಯ ಗಾಳಿ ಬಂದು ಇಲ್ಲಿಯ ಹೊಗೆ ಒಯ್ಯುವ ಮಾತೇ ಇಲ್ಲ.

ಇಂಥ ಹೊತ್ತಿನಲ್ಲೇ ಇಲ್ಲಿ ಬೆಂಕಿ ಜಾಸ್ತಿ. ಕಬ್ಬು ಕಡಿದದ್ದೇ ತಡ, ಸಂಜೆಗೆ ರವದಿಗೆ ಕಡ್ಡಿ. ಬಜಾರಿನಲ್ಲಿ ಬಾಗಿಲು ತೆಗೆದ ಅಂಗಡಿಕಾರರು ಕಸ ಗುಡಿಸಿ, ರಟ್ಟು, ಪ್ಲಾಸ್ಟಿಕ್ ಚೀಲ ಕೂಡಿಸಿ ಅಲ್ಲೇ ಸುಡುತ್ತಾರೆ. ಚಳಿ ಕಾಯಿಸಲು ಹಳೇ ಟೈರು! ಆ ಹೊಗೆ ಎಲ್ಲಿಗೂ ಹೋಗುವುದಿಲ್ಲ. ಗಲ್ಲೆಯ ಮುಂದೆ ಕುಳಿತವರ ಎದೆಗೇ ಇಳಿಯುತ್ತದೆ. ದಮ್ಮಿನ ಮುದುಕರು, ಶಾಲೆಗೆ ಹೊರಟ ಮಕ್ಕಳು ಯಾವ ತಪ್ಪು ಮಾಡಿದ್ದಾರೆ?

ಕಾನೂನು ಇಲ್ಲವೆಂದೇನೂ ಅಲ್ಲ. ಬಯಲಲ್ಲಿ ಕಸ ಸುಟ್ಟರೆ 5,000 ರೂ., ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂ. ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿದೆ. 2019ರಲ್ಲಿ ಆರಂಭವಾದ ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಆರಿಸಿದ ರಾಜ್ಯದ ನಾಲ್ಕು ನಗರಗಳಲ್ಲಿ ಕಲಬುರಗಿಯೂ ಒಂದು. ಆದರೆ ತಾಲೂಕು ಊರುಗಳು ಆ ಪಟ್ಟಿಯಲ್ಲಿಲ್ಲ. ಅವುಗಳ ಜನರಿಗೆ ಶ್ವಾಸಕೋಶ ಇಲ್ಲವೇನು?

ಪುರಸಭೆಗಳು ಚಳಿಗಾಲದ ನಾಲ್ಕು ತಿಂಗಳಾದರೂ ಕಸದ ಗಾಡಿಯನ್ನು ಅಂಗಡಿ ತೆರೆಯುವ ಹೊತ್ತಿಗೇ ಬಜಾರಿಗೆ ಕಳಿಸಬೇಕು. ಧೂಳೇಳುವ ರಸ್ತೆಗೆ ನೀರು ಹೊಡೆಸಬೇಕು. ಗಾಡಿ ಬಂದಾಗ ಕಸ ಕೊಡುವುದು ಅಂಗಡಿಕಾರರ ಪಾಲಿನ ಕೆಲಸ. ರವದಿಯನ್ನು ಸಾಲಿನ ನಡುವೆ ಹಾಸಿದರೆ ನೆಲದ ಹಸಿ ಉಳಿಯುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ. ಸುಟ್ಟರೆ ಸಿಗುವುದು ಬೂದಿ.

ಗಾಳಿಗೆ ಬೀಸು ಎಂದು ಹೇಳಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಕಡ್ಡಿ ಗೀರಬೇಡಿ ಎಂದು ಹೇಳಲು ಸರಕಾರವೇ ಬರಬೇಕೆ?