ಯೇಸುವನ್ನು ನಂಬಿ ಮೋಶೆಯ ನೇಮ ಹಿಡಿದವರು

ಬೈಂದೂರಿನ ಯಡ್ತರೆಯಿಂದ ಘಟ್ಟದ ಬುಡದತ್ತ ಸಾಗಿದರೆ ಜಡ್ಕಲ್, ಮುದೂರು ಸುತ್ತಮುತ್ತ ಕೇರಳದಿಂದ ಬಂದು ರಬ್ಬರ್ ತೋಟ ಎಬ್ಬಿಸಿದ ಸಿರಿಯನ್ ಕ್ರೈಸ್ತರ ಮನೆಗಳು ಸಿಗುತ್ತವೆ. ಈ ಸಮುದಾಯದಲ್ಲಿ ಪವಿತ್ರ ಗುರುವಾರದ ರಾತ್ರಿ ಮನೆಯಲ್ಲೇ ಪೆಸಹಾ ಆಚರಿಸುವ ಪದ್ಧತಿಯಿದೆ. ಅಕ್ಕಿ ಹಿಟ್ಟು, ಅರೆದ ಉದ್ದು, ತೆಂಗಿನತುರಿ ಕಲಸಿ, ಹುಳಿ ಬರಲು ಬಿಡದೆ ಹಬೆಯಲ್ಲಿ ಅಪ್ಪ ಬೇಯಿಸುತ್ತಾರೆ. ಗರಿಗಳ ಭಾನುವಾರ ಇಗರ್ಜಿಯಿಂದ ತಂದ ಗರಿಯನ್ನು ಶಿಲುಬೆಯಾಗಿ ಅದರ ಮೇಲಿಡುತ್ತಾರೆ. ಮನೆಯ ಯಜಮಾನ ಪ್ರಾರ್ಥನೆ ಮಾಡಿ ಅಪ್ಪ ಮುರಿದು, ಬೆಲ್ಲ-ಕಾಯಿಹಾಲಿನ ಜೊತೆ ಹಿರಿಯರಿಂದ ಹಿಡಿದು ಪುಟ್ಟ ಮಕ್ಕಳವರೆಗೆ ಹಂಚುತ್ತಾನೆ. ಈಜಿಪ್ಟಿನ ದಾಸ್ಯ ಬಿಟ್ಟು ಹೊರಟ ರಾತ್ರಿಯ ನೆನಪಿಗೆ ಹುಳಿಯಿಲ್ಲದ ರೊಟ್ಟಿ ತಿನ್ನಬೇಕೆಂದು ಮೋಶೆಯ ಧರ್ಮಶಾಸ್ತ್ರವಾದ ತೋರಾ ವಿಧಿಸಿದ ಪಸ್ಕ ಹಬ್ಬವೇ ಇದರ ಹಿಂದಿದೆ. ಹಾಗಿದ್ದರೆ ಯೇಸುವೇ ಮೆಸ್ಸೀಯ ಎಂದು ನಂಬುತ್ತಲೇ ಇಡೀ ತೋರಾದಂತೆ ಬದುಕಲು ಹೊರಟ ಮೆಸ್ಸಿಯಾನಿಕ್ ವಿಶ್ವಾಸಿಗಳನ್ನು ‘ಅತ್ತಲೂ ಅಲ್ಲ, ಇತ್ತಲೂ ಅಲ್ಲ’ ಎಂದು ತಳ್ಳಿಹಾಕುವುದು ನಮ್ಮ ಕರಾವಳಿಯವರಿಗೆ ಒಪ್ಪುವ ಮಾತಲ್ಲ. ಹಣೆಪಟ್ಟಿ ಯಾವುದು ಎಂಬುದನ್ನು ಬದಿಗಿಟ್ಟು, ಹಿಡಿದ ನೇಮವನ್ನು ಮನಃಪೂರ್ವಕ ಪಾಲಿಸುತ್ತಾರೆಯೇ ಎಂದು ನೋಡಬೇಕು.

ಪಾಲಿಸುವುದು ಸುಲಭದ ಕೆಲಸವೂ ಅಲ್ಲ. ಶುಕ್ರವಾರ ಹೊತ್ತು ಮುಳುಗುವಾಗ ಸಬ್ಬತ್ ಶುರುವಾಗುತ್ತದೆ, ಶನಿವಾರ ಹೊತ್ತು ಮುಳುಗುವವರೆಗೆ ದುಡಿಮೆಯಿಲ್ಲ, ವ್ಯಾಪಾರವಿಲ್ಲ. ಕುಂದಾಪುರದ ಶನಿವಾರದ ಸಂತೆಯಲ್ಲಿ ತರಕಾರಿ ಮಾರಿ ಬದುಕುವವರೊಬ್ಬರು ಈ ನೇಮ ಹಿಡಿದರೆ ವಾರದ ದೊಡ್ಡ ಗಳಿಕೆಯನ್ನೇ ಬಿಡಬೇಕಾದೀತು. ಯಾಜಕಕಾಂಡದ 11ನೇ ಅಧ್ಯಾಯದ ಪ್ರಕಾರ ನೀರಿನ ಜೀವಿಗಳಲ್ಲಿ ರೆಕ್ಕೆ, ಹುರುಪೆ ಎರಡೂ ಇರುವುದನ್ನು ಮಾತ್ರ ತಿನ್ನಬಹುದು. ನಮ್ಮ ಮೀನು ಮಾರುಕಟ್ಟೆಯ ಬುಟ್ಟಿಗಳ ಮುಂದೆ ಈ ನಿಯಮ ಹಿಡಿದು ನಿಂತರೆ ಬಂಗುಡೆ, ಬೂತಾಯಿ ಮನೆಗೆ ಬರುತ್ತವೆ. ಚಟ್ಲಿ, ಏಡಿ, ಮರುವಾಯಿ, ಬೊಂಡಾಸ, ತೊರಕೆ ಅಲ್ಲೇ ಉಳಿಯುತ್ತವೆ. ಏಕಾದಶಿಗೆ ಅನ್ನ ಬಿಡುವವರು, ರಂಜಾನಿನಲ್ಲಿ ಹಗಲಿಡೀ ನೀರನ್ನೂ ಮುಟ್ಟದವರು ಪಕ್ಕಪಕ್ಕದಲ್ಲೇ ಇರುವ ಊರುಗಳಲ್ಲಿ ದೇವರ ಮೇಲಿನ ಪ್ರೀತಿ ಅಡುಗೆಮನೆಯವರೆಗೂ ಬರುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಎರಡು ದಾರಿಯಲ್ಲಿ ಒಂದನ್ನು ಆರಿಸಲೇಬೇಕು ಎಂಬ ಹಠ ಏನು ಮಾಡಿಸುತ್ತದೆ ಎನ್ನುವುದನ್ನು ಈ ಕಡಲತೀರ ಕಂಡಿದೆ. 1560ರಲ್ಲಿ ಪೋರ್ಚುಗೀಸರ ಗೋವೆಯಲ್ಲಿ ಶುರುವಾದ, ಧರ್ಮದ್ರೋಹ ವಿಚಾರಿಸಿ ಶಿಕ್ಷಿಸುವ ಚರ್ಚ್ ನ್ಯಾಯಾಲಯವಾದ ಇನ್‌ಕ್ವಿಸಿಷನ್ ಮೊದಲು ಬೆನ್ನುಹತ್ತಿದ್ದು ಯೆಹೂದಿ ಮೂಲದ ‘ಹೊಸ ಕ್ರೈಸ್ತ’ರನ್ನು. ಶನಿವಾರ ಕೆಲಸ ಬಿಡುವುದು, ಹಂದಿಮಾಂಸ ತಿನ್ನದಿರುವುದು ಅಲ್ಲಿ ಅಪರಾಧದ ಸಾಕ್ಷ್ಯವಾಗುತ್ತಿತ್ತು. ಭಾರತದ ಔಷಧಿಗಳ ಬಗ್ಗೆ 1563ರಲ್ಲಿ ಗೋವೆಯಲ್ಲೇ ಗ್ರಂಥ ಅಚ್ಚು ಹಾಕಿಸಿದ, ಇದೇ ಯೆಹೂದಿ ಮೂಲದ ವೈದ್ಯ ಗಾರ್ಸಿಯಾ ದ ಓರ್ತಾ ತೀರಿಕೊಂಡ ಮರುವರ್ಷ, 1569ರಲ್ಲಿ, ಅವನ ತಂಗಿ ಕತರೀನಾಳನ್ನು ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನೂ ಗೋರಿಯಿಂದ ಅಗೆದು ತೆಗೆದು ಸುಟ್ಟರು. ಅದೇ ನ್ಯಾಯಾಲಯ 1736ರ ಆಜ್ಞೆಯಲ್ಲಿ ಸ್ಥಳೀಯ ಕ್ರೈಸ್ತರು ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸುವುದನ್ನೂ ನಿಷೇಧಿಸಿತು. ಗೋವೆ ಬಿಟ್ಟು ಬಂದ ಕೊಂಕಣಿ ಕ್ರೈಸ್ತರ ಮಕ್ಕಳು ಮರಿಮಕ್ಕಳು ಇಂದು ಕುಂದಾಪುರದ ಆಸುಪಾಸಿನಲ್ಲಿದ್ದಾರೆ. ಬ್ರಹ್ಮಾವರದಲ್ಲಂತೂ ಕೊಂಕಣಿ ಮಾತಾಡುತ್ತಲೇ ಸಿರಿಯನ್ ಆರ್ಥೊಡಾಕ್ಸ್ ಪರಂಪರೆಗೆ ಸೇರಿದ ಸಭೆಯೊಂದು ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಬಾಳಿಕೊಂಡು ಬಂದಿದೆ.

ಆದರೆ ಯೇಸುವಿನ ಅಪೊಸ್ತಲ ಪೌಲನೇ ತೋರಾದ ಈ ಪಾಲನೆಯನ್ನು ಬೇಡವೆಂದನಲ್ಲ ಎಂದು ಅನೇಕ ಕ್ರೈಸ್ತರು ಕೇಳುತ್ತಾರೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನು ಸಿಟ್ಟಿನಿಂದಲೇ ಮಾತಾಡಿದ್ದಾನೆ, ನಿಜ. ಅವನ ಸಿಟ್ಟು ಯೆಹೂದ್ಯರಲ್ಲದವರ ಮೇಲೆ ಸುನ್ನತಿಯನ್ನು ಹೇರಿದವರ ಮೇಲೆ. ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯದ ಸಭೆ ಆ ಹೊರೆಯನ್ನು ಅನ್ಯಜನರ ತಲೆಯಿಂದ ಇಳಿಸಿತು. 21ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಸಾವಿರಾರು ವಿಶ್ವಾಸಿಗಳು ಧರ್ಮಶಾಸ್ತ್ರದ ಅಭಿಮಾನಿಗಳಾಗಿಯೇ ಇದ್ದರೆಂದು ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಪೌಲನಿಗೇ ಹೇಳುತ್ತಾರೆ. ಇಷ್ಟಪಟ್ಟು ಪಾಲಿಸುವವರಿಗೆ ಅಲ್ಲಿ ತಡೆಯಿಲ್ಲ. ‘ಪಾಲಿಸದವನಿಗೆ ರಕ್ಷಣೆಯಿಲ್ಲ’ ಎಂದು ಯಾವ ಮೆಸ್ಸಿಯಾನಿಕ್ ಗುಂಪಾದರೂ ನೆರೆಯವರನ್ನು ಹೆದರಿಸಿದರೆ ಪೌಲನ ಆಕ್ಷೇಪ ಅವರಿಗೆ ಪೂರ್ತಿ ತಗಲುತ್ತದೆ.

ಯೆಹೂದಿಗಳ ಆಕ್ಷೇಪ ಇದಕ್ಕಿಂತ ತೂಕದ್ದು, ಅದನ್ನು ನಾನು ಲಘುವಾಗಿ ಕಾಣಲಾರೆ. ಗೋವೆಯಲ್ಲಿ ಬೆಂದವರು ಬಲವಂತಕ್ಕೆ ಕ್ರೈಸ್ತರಾದ ಕುಲದವರು, ತೋರಾ ಅವರು ಕದ್ದುಮುಚ್ಚಿ ಉಳಿಸಿಕೊಂಡ ಆಸ್ತಿ. ಇಂದು ಅದೇ ಸಬ್ಬತ್ ದೀಪ, ಅದೇ ಪಸ್ಕದ ಊಟ ಯೇಸುವಿನ ಹೆಸರಿನಲ್ಲಿ ಬಂದಾಗ ಇದು ತಮ್ಮನ್ನು ಮತಾಂತರಿಸುವ ಹೊಸ ಉಪಾಯ ಎಂದು ಯೆಹೂದಿಗಳಿಗೆ ಅನಿಸುವುದು ಸಹಜ. ಒಂದು ಮೆಸ್ಸಿಯಾನಿಕ್ ದಂಪತಿಗೆ ಯೆಹೂದಿಗಳ ವಲಸೆ ಹಕ್ಕಿಲ್ಲ ಎಂದು ಇಸ್ರೇಲಿನ ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿದ್ದು, ಯೇಸುವನ್ನು ಮೆಸ್ಸೀಯನೆಂದು ನಂಬುವವರು ಬೇರೆ ಧರ್ಮಕ್ಕೆ ಸೇರಿದವರು ಎಂಬ ನೆಲೆಯಲ್ಲಿ. ತಮ್ಮ ಸಮುದಾಯಕ್ಕೆ ಯಾರು ಸೇರಿದವರು ಎಂದು ತೀರ್ಮಾನಿಸುವ ಹಕ್ಕು ಯೆಹೂದಿಗಳದು. ಯೆಹೂದಿ ಮನೆತನದಲ್ಲಿ ಹುಟ್ಟದ ವಿಶ್ವಾಸಿಗಳು ಆ ಗುರುತನ್ನು ತಮ್ಮದೆಂದು ಹೇಳಿಕೊಳ್ಳದೆ, ಪಡೆದದ್ದರ ಋಣವನ್ನು ಒಪ್ಪಿಕೊಂಡು ನೇಮ ನಡೆಸಬೇಕು.

ನಮ್ಮ ಕಾನೂನು ಕೇಳುವ ಪ್ರಶ್ನೆ ಬೇರೆ. ರಾಷ್ಟ್ರಗೀತೆ ಹಾಡದ್ದಕ್ಕೆ ಕೇರಳದ ಶಾಲೆಯೊಂದು ಹೊರಹಾಕಿದ ಯೆಹೋವನ ಸಾಕ್ಷಿಗಳ ಮೂವರು ಮಕ್ಕಳ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1986ರಲ್ಲಿ ಕೊಟ್ಟ ತೀರ್ಪು, ನಂಬಿಕೆ ನ್ಯಾಯಾಧೀಶರ ಬುದ್ಧಿಗೆ ಒಪ್ಪಿಗೆಯೇ ಎಂದು ಕೇಳಲಿಲ್ಲ; ಅದು ಪ್ರಾಮಾಣಿಕವೇ, ಅಂತಃಸಾಕ್ಷಿಯಿಂದ ಬಂದದ್ದೇ ಎಂದು ಕೇಳಿತು. ಈ ಮಾನದಂಡ ಸಬ್ಬತ್ ಹಿಡಿದವರಿಗೂ ಸಲ್ಲಬೇಕು. ಶನಿವಾರ ಕಿರುಪರೀಕ್ಷೆಯಿದ್ದರೆ ಅಂಥ ಮಗುವಿಗೆ ಸೋಮವಾರ ಬರೆಯಲು ಬಿಡುವುದು ಮುಖ್ಯೋಪಾಧ್ಯಾಯರಿಂದ ಆಗದ ಕೆಲಸವಲ್ಲ. ಶನಿವಾರದ ಪಾಳಿಯನ್ನು ಭಾನುವಾರಕ್ಕೆ ಬದಲಿಸಿಕೊಡುವುದು ಅಂಗಡಿ, ಕಚೇರಿಗಳವರಿಂದಲೂ ಆಗದ್ದಲ್ಲ.