ಏಜಂಟರು ಬಂದಿದ್ದಾರೆ!

ಭಾನುವಾರ ಬೆಳಿಗ್ಗೆ ಡೊಂಬಿವಲಿಯ ನಮ್ಮ ಮನೆಯ ಗಂಟೆ ಬಾರಿಸಿದರೆ ನಾವು ಮೆಲ್ಲಗೆ ಸ್ನಾನದ ಮನೆ ಸೇರುತ್ತಿದ್ದ ಕಾಲವೊಂದಿತ್ತು. ಬಂದವರು ವಿಮೆಯ ಏಜಂಟ್ ರಾಯರೇ ಇರಬೇಕೆಂಬ ಭೀತಿ! ಊರ ಕಡೆಯವರು; ಮುಖಕ್ಕೆ ಎದುರಾಗಿ ‘ಇಲ್ಲ’ ಎನ್ನಲು ಬಾಯಿ ಬಾರದು. ಗುಮಾಸ್ತರ ಸಂಬಳದಲ್ಲಿ ಕಂತು ಕಟ್ಟುವುದೂ ಸುಲಭವಲ್ಲ.

ಈಚೆಗೆ ರಾಯರು ಬರುವುದೇ ಅಪರೂಪವಾಗಿದೆ. ಸಂಘದ ಸಭೆಯಲ್ಲಿ ಸಿಕ್ಕಾಗ ವಿಚಾರಿಸಿದೆವು. “ಕಮಿಷನ್ ಇಳಿಸಿದ್ದಾರೆ, ಸ್ವಾಮಿ” ಎಂದರು.

ಸಂಗತಿ ಇಷ್ಟು. 2024ರ ಅಕ್ಟೋಬರ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಹೊಸ ನಿಯಮ ಬಂದಿತು. ಉಳಿತಾಯದ ಪಾಲಿಸಿಗೆ ಒಂದು ವರ್ಷದ ಕಂತನ್ನು ಪೂರ್ತಿ ಕಟ್ಟಿದ್ದರೆ, ಆ ವರ್ಷ ಕಳೆದ ಮೇಲೆ ಅದನ್ನು ಬಿಟ್ಟುಕೊಟ್ಟವರಿಗೂ ಒಂದಿಷ್ಟು ಹಣ ಮರಳಬೇಕು. ಮೊದಲಾದರೆ ಎರಡು ವರ್ಷ ಕಟ್ಟದವರಿಗೆ ಕಾಸೂ ಇರಲಿಲ್ಲ. ಈ ಹೊರೆ ಎಲ್ಲಿಯಾದರೂ ಇಳಿಯಬೇಕಲ್ಲ? ಜೀವ ವಿಮಾ ನಿಗಮವು ಏಜಂಟರ ಮೊದಲ ವರ್ಷದ ಕಮಿಷನನ್ನು ನೂರಕ್ಕೆ 35ರಿಂದ 28ಕ್ಕೆ ಇಳಿಸಿತೆಂದೂ, ಮುಂದಿನ ಕಂತುಗಳದನ್ನು 5ರಿಂದ 7.5ಕ್ಕೆ ಏರಿಸಿತೆಂದೂ ಪತ್ರಿಕೆಗಳಲ್ಲಿ ಓದಿದೆವು. 20,000 ರೂಪಾಯಿಯ ಕಂತಿಗೆ ಮೊದಲ ವರ್ಷ 7,000 ಸಿಗುತ್ತಿದ್ದಲ್ಲಿ ಈಗ 5,600.

ಒಮ್ಮೆ ಮಾರಿ ಮಾಯವಾಗುವವನಿಗಿಂತ, ವರ್ಷವರ್ಷವೂ ಗಿರಾಕಿಯನ್ನು ಕಾಯುವವನಿಗೆ ಲಾಭವಿರುವುದು ನ್ಯಾಯವೇ. ಆದರೆ ಅದೇ ಹೊತ್ತಿಗೆ ನಿಗಮದ ಹೊಸ ಎಂಡೋಮೆಂಟ್ ಪಾಲಿಸಿಯ ಕನಿಷ್ಠ ಮೊತ್ತವೂ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು. ಹೋಟೆಲಿನಲ್ಲಿ ದುಡಿಯುವ ನಮ್ಮೂರ ಹುಡುಗನಿಗೆ ಅಷ್ಟು ಕಂತು ಭಾರ. ಅವನ ಸಲುವಾಗಿ ಮೂರು ಮಹಡಿ ಹತ್ತುವ ಏಜಂಟರಿಗೂ ಇನ್ನು ಉತ್ಸಾಹ ಎಷ್ಟಿದ್ದೀತು?

ನಮ್ಮ ತಂದೆಯವರು ತೀರಿಕೊಂಡಾಗ ಇದೇ ರಾಯರು ಮೂರು ಸಲ ಲೋಕಲ್ ಗಾಡಿಯಲ್ಲಿ ನಿಂತು ಹೋಗಿ, ಕಾಗದಪತ್ರ ಹೊಂದಿಸಿ, ತಾಯಿಯವರ ರುಜು ಹಾಕಿಸಿ, ಹಣ ಅವರ ಕೈಸೇರುವಂತೆ ಮಾಡಿದರು. ಆ ಅಲೆದಾಟಕ್ಕೆ ಒಂದು ಪೈಸೆ ಕಮಿಷನಿಲ್ಲ. ಅಂಥವರಿಗೆ ಹೆದರಿ ಸ್ನಾನದ ಮನೆ ಸೇರುತ್ತಿದ್ದುದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವಾಚಕರಲ್ಲಿ ಒಂದು ಬಿನ್ನಹ. ಮನೆಗೆ ಬರುವ ಏಜಂಟರು ಮುಂದೆ ಇರಲಿ, ಇಲ್ಲದಿರಲಿ, ಪಾಲಿಸಿಯ ನಂಬರು, ಕಂತಿನ ತಾರೀಖು, ನಾಮಿನಿಯ ಹೆಸರು ಇವನ್ನು ಬರೆದು ಮನೆಯಾಕೆಗೆ ತೋರಿಸಿಡಿ. ವಾರ್ಷಿಕ ಕಂತಿಗೆ ಗಡುವು ಮೀರಿದರೂ 30 ದಿನಗಳ ರಿಯಾಯಿತಿ ಉಂಟು. ತಿಂಗಳ ಕಂತಿಗೆ 15 ದಿನ ಮಾತ್ರ. ಪೆಟ್ಟಿಗೆಯಲ್ಲಿ ಬೀಗ ಹಾಕಿ ಮರೆತ ಪಾಲಿಸಿಯಿಂದ ಮನೆಯವರಿಗೆ ಬಂದ ಭಾಗ್ಯವೇನು?

ಮುಂದಿನ ಭಾನುವಾರ ರಾಯರನ್ನು ನಾವೇ ಕಾಫಿಗೆ ಕರೆದಿದ್ದೇವೆ.